ಬೆಳಿಗ್ಗೆ ನಾನಿರ್ತೀನಿ

ಫೆಬ್ರವರಿ ಮೂರನೇ ತಾರೀಖು, ಸೋಮವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ಅಡುಗೆಮನೆಯ ಬಾಗಿಲ ಪಕ್ಕದ ಬೆತ್ತದ ಕುರ್ಚಿಯಲ್ಲಿ ಅಜ್ಜಿ ಕೂತಿದ್ದಳು. ಅವಳ ಮೊಣಕಾಲುಗಳ ನಡುವೆ, ನೆಲದ ಮೇಲೆ, ಚಹಾದ ಲೋಟ ಹಿಡಿದು ಸೊಸೆ ಕೂತಿದ್ದಳು. ಅಜ್ಜಿಯ ತುಟಿಗಳ ಮಧ್ಯೆ ಮೂರು ಪಿನ್ನುಗಳಿದ್ದವು. ಜಡೆ ಮುಗಿದ ಮೇಲೆ ಅದನ್ನು ಸುತ್ತಿ ನೆತ್ತಿಗೆ ಸಿಕ್ಕಿಸಬೇಕು. ಇಳಿಬಿಟ್ಟ ಕೂದಲಿಗೆ ಪಾರ್ಸೆಲ್ ಗೋದಾಮಿನ ಗೇಟಿನಲ್ಲಿ ಪ್ರವೇಶವಿಲ್ಲ. ಹಿಂದೊಮ್ಮೆ ಯಾರದೋ ಜಡೆ ಪೆಟ್ಟಿಗೆ ಸಾಗಿಸುವ ಬೆಲ್ಟಿಗೆ ಸಿಕ್ಕಿತ್ತಂತೆ. ಸೊಸೆ ಆ ಕೆಲಸಕ್ಕೆ ಸೇರಿ ಹನ್ನೊಂದು ವರ್ಷ. ಹನ್ನೊಂದು ವರ್ಷವೂ ಅವಳ ಜಡೆ ಅಜ್ಜಿಯದೇ ಕೆಲಸ.

ಇವತ್ತು ಫಾರ್ಮ್ ಕೊಡುತ್ತಾರೆ ಎಂದು ಸೊಸೆ ಹೇಳಿದಳು. ಇಷ್ಟು ದಿನ ಗೋದಾಮಿನಲ್ಲಿ ಒಂದೇ ಪಾಳಿ ಇತ್ತು, ಒಂಬತ್ತರಿಂದ ಆರು. ಮಾರ್ಚಿನಿಂದ ಎರಡು: ಬೆಳಗಿನ ಜಾವ ನಾಲ್ಕರಿಂದ ಮಧ್ಯಾಹ್ನ ಹನ್ನೆರಡು, ಇಲ್ಲವೇ ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತು. ಹದಿನಾಲ್ಕನೇ ತಾರೀಖಿನೊಳಗೆ ಯಾವುದಾದರೂ ಒಂದಕ್ಕೆ ಗುರುತು ಹಾಕಿ ಕೊಡಬೇಕು. ಹಾಕಿದ ಮೇಲೆ ಆರು ತಿಂಗಳು ಬದಲಾಯಿಸುವಂತಿಲ್ಲ.

ಅಜ್ಜಿ ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಸಿಕ್ಕಿಸಿದಳು. ಬಾಯಿ ಖಾಲಿಯಾದ ಮೇಲೆ ಹೇಳಿದಳು:

"ಸಂಜೆಯದು ತಗೋ."

"ಯಾಕತ್ತೆ?"

"ಬೆಳಿಗ್ಗೆ ನಾನಿರ್ತೀನಿ."

ಸೊಸೆ ನಕ್ಕಳು. "ಸಂಜೆ ಎಲ್ಲಿಗೆ ಹೋಗ್ತೀರಿ? ಸಂಜೆನೂ ಇಲ್ಲೇ ಇರ್ತೀರಲ್ಲ."

"ಸಂಜೆ ಇರೋದು ನಾನಲ್ಲ ಕಣೇ. ನನಗೆ ಗೊತ್ತಿಲ್ಲ ಅಂದ್ಕೊಂಡಿದೀರಾ ಎಲ್ಲರೂ?"

ಸೊಸೆ ಲೋಟ ಕೆಳಗಿಟ್ಟಳು. ಅಜ್ಜಿ ಅವಳ ತಲೆಯ ಮೇಲೊಂದು ತಟ್ಟಿ, "ಏಳು, ಬಸ್ಸು ಹೋಗುತ್ತೆ" ಎಂದಳು.

ಅಜ್ಜಿಗೆ ಕಾಯಿಲೆ ಶುರುವಾಗಿ ಒಂದೂವರೆ ವರ್ಷವಾಗಿತ್ತು. ಬೆಳಿಗ್ಗೆ ಎದ್ದಾಗ ಅವಳು ಅವಳೇ. ಹಾಲಿಗೆ ನೀರು ಬೆರೆತಿದ್ದರೆ ಹಿಡಿಯುತ್ತಿದ್ದಳು, ಮಗ ಹೊಲಿದ ಕಾಲರ್ ಕೂದಲೆಳೆಯಷ್ಟು ಸೊಟ್ಟಗಿದ್ದರೂ ಹೇಳುತ್ತಿದ್ದಳು. ಸಂಜೆಯಾಗುತ್ತಿದ್ದಂತೆ ಕಣ್ಣು ಬದಲಾಗುತ್ತಿತ್ತು. "ನಾನು ಮನೆಗೆ ಹೋಗ್ಬೇಕು" ಎನ್ನುತ್ತಿದ್ದಳು. ಒಂದು ಬಟ್ಟೆಚೀಲ ಹಿಡಿದು ಒಂದೊಂದೇ ಬಾಗಿಲ ಚಿಲಕ ಅಲುಗಾಡಿಸುತ್ತಿದ್ದಳು. ಆಗ ಮಗ ಯಾರೋ ಅಂಗಡಿಯವನು, ಮೊಮ್ಮಗಳು ಪಕ್ಕದ ಮನೆಯ ಮಗು, ಸೊಸೆ ಯಾರೂ ಅಲ್ಲ. ದಿನಾ ಅದು ಎಷ್ಟು ಹೊತ್ತಿಗೆ ಶುರುವಾಗುತ್ತದೆಂದು ಬರೆದಿಡಿ, ಮಾತ್ರೆ ಅದರ ಮೇಲೆ ಗೊತ್ತುಮಾಡೋಣ ಎಂದು ಡಾಕ್ಟರು ಹೇಳಿದ್ದರು.

ಬರೆಯುವ ಏರ್ಪಾಡು ಮಾಡಿದವಳು ಮೊಮ್ಮಗಳು. ಹನ್ನೆರಡನೇ ತರಗತಿ, ವಿಜ್ಞಾನ. ಮನೆಯಲ್ಲಿ ಎಲ್ಲರ ತಪ್ಪನ್ನೂ ತಿದ್ದುತ್ತಾಳೆಂದು ಅಜ್ಜಿ ಅವಳಿಗೆ ಟೀಚರಮ್ಮ ಎಂದು ಹೆಸರಿಟ್ಟಿದ್ದಳು. ಟೀಚರಮ್ಮ ಅಜ್ಜಿಯ ಕೋಣೆಯ ಗೋಡೆ ಗಡಿಯಾರದ ಕೆಳಗೆ ಒಂದು ನೋಟ್ ಪುಸ್ತಕ ನೇತುಹಾಕಿ, ದಾರ ಕಟ್ಟಿ ಪೆನ್ಸಿಲ್ ಇಳಿಬಿಟ್ಟಳು. ಅಜ್ಜಿ ಮೊದಲ ಸಲ "ಮನೆಗೆ ಹೋಗ್ಬೇಕು" ಎಂದ ಗಳಿಗೆಯನ್ನು ಬರೆಯಬೇಕು. ಬರೆಯುವವನು ಅಪ್ಪ. ಅವನು ದರ್ಜಿ, ಮುಂದಿನ ಕೋಣೆಯಲ್ಲೇ ಅವನ ಮೆಷಿನ್ನು. ಸೊಸೆ ಗೋದಾಮಿನಿಂದ, ಮಗಳು ಕಾಲೇಜು ಟ್ಯೂಷನ್ ಮುಗಿಸಿ ಬರುವುದು ಆರರ ಮೇಲೆ. ಹಗಲೆಲ್ಲ ಮನೆಯಲ್ಲಿ ಅವನೊಬ್ಬನೇ.

"ಅಪ್ಪ, ಮೊಬೈಲ್ ನೋಡಿ ಬರೀಬೇಡ. ಗೋಡೆ ಗಡಿಯಾರ ನಾಲ್ಕು ನಿಮಿಷ ಮುಂದಿದೆ. ಒಂದ್ಸಲ ಇದು, ಒಂದ್ಸಲ ಅದು ನೋಡಿ ಬರೆದ್ರೆ ಲೆಕ್ಕ ಕೆಡುತ್ತೆ. ಒಂದೇ ಗಡಿಯಾರ."

"ಆಯ್ತು ಟೀಚರಮ್ಮ. ಒಂದೇ ಗಡಿಯಾರ."

ಭಾನುವಾರ ಮಾತ್ರ ದರ್ಜಿಯ ತಂಗಿ ಬಂದು ಅಜ್ಜಿಯನ್ನು ತನ್ನ ಮನೆಗೆ ಕರೆದೊಯ್ಯುತ್ತಿದ್ದಳು. ಅವಳೂ ಹೊತ್ತು ನೋಡಿ ಮೊಬೈಲಿಗೆ ಕಳಿಸುತ್ತಿದ್ದಳು. ಅವನ್ನು ಹುಡುಗಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದು, ಮೇಲೊಂದು ಗೆರೆ ಎಳೆದು, 'ಬೇರೆ ಜಾಗ' ಎಂದು ಗುರುತು ಮಾಡಿದ್ದಳು. ಜಾಗ ಬದಲಾದರೆ ಅಜ್ಜಿ ಬೇಗ ದಣಿಯುತ್ತಾಳೆ, ಆ ಅಂಕಿ ಸೇರಿಸಬಾರದು ಎಂಬುದು ಅವಳ ವಾದ. ಫೆಬ್ರವರಿ ಒಂಬತ್ತರಂದು ಅಜ್ಜಿಯನ್ನು ವಾಪಸ್ ಬಿಡಲು ಬಂದ ನಾದಿನಿ ಚಪ್ಪಲಿಯನ್ನೂ ಕಳಚದೆ ಬಾಗಿಲಲ್ಲೇ ನಿಂತು, "ಇವತ್ತು ಮೂರೂ ನಲವತ್ತಕ್ಕೇ ಶುರುವಾಯ್ತು ಅತ್ತಿಗೆ" ಎಂದಳು. ದರ್ಜಿ ಸೂಜಿಗೆ ದಾರ ಪೋಣಿಸುತ್ತಿದ್ದವನು ತಲೆ ಎತ್ತಲಿಲ್ಲ. ನಿಮ್ಮ ಮನೆಯಲ್ಲಿ ಮಕ್ಕಳ ಗಲಾಟೆ, ಅದಕ್ಕೇ ಎಂದು ಸೊಸೆ ಸಮಾಧಾನ ಹೇಳಿ ಕಳಿಸಿದಳು.

ಆ ವಾರವೆಲ್ಲ ಊಟದ ಹೊತ್ತಿಗೆ ಪಾಳಿಯದೇ ಮಾತು. ಹತ್ತಕ್ಕೆ ಕೆಲಸ ಮುಗಿದರೆ ಮನೆ ಸೇರುವುದು ಹನ್ನೊಂದಕ್ಕೆ. ಬಸ್ಸು ಇರುತ್ತದೋ ಇಲ್ಲವೋ. ನಾಲ್ಕಕ್ಕೆ ಹೋಗಬೇಕಾದರೆ ಮೂರಕ್ಕೆ ಏಳಬೇಕು, ಜಡೆ ಹಾಕುವವರಿಲ್ಲ. ಸಂಜೆಯ ಪಾಳಿಯಾದರೆ ಪರೀಕ್ಷೆಗೆ ಓದುವ ಹುಡುಗಿಯ ಕೋಣೆಯ ಚಿಲಕವನ್ನು ಅಜ್ಜಿ ಅಲುಗಾಡಿಸುತ್ತಿರುತ್ತಾಳೆ. ಸೊಸೆ ಒಮ್ಮೆ ಇತ್ತ, ಒಮ್ಮೆ ಅತ್ತ ವಾಲುತ್ತಿದ್ದಳು. ಅತ್ತೆ ಹೇಳಿದ ಮಾತನ್ನು ಅವಳು ಎರಡು ಸಲ ಎತ್ತಿದಳು. ಎರಡು ಸಲವೂ ಮಗಳು, ಅಜ್ಜಿಗೆ ತನ್ನ ಹೊತ್ತು ತನಗೆ ಹೇಗೆ ಗೊತ್ತಾಗಬೇಕು ಎಂದು ಕೇಳಿದಳು.

ಹದಿಮೂರರ ಗುರುವಾರ ಹುಡುಗಿ ಗ್ರಾಫ್ ಹಾಳೆ ತಂದು ತಟ್ಟೆಗಳ ನಡುವೆ ಹರಡಿದಳು. ಭಾನುವಾರ ಬಿಟ್ಟು ಮೂವತ್ತಮೂರು ದಿನದ ಅಂಕಿ. ಸರಾಸರಿ ಐದು ಗಂಟೆ ಮೂವತ್ತೊಂದು ನಿಮಿಷ. ಏರಿಳಿತ ಏಳೇ ನಿಮಿಷ. ಗೆರೆ ಮೇಜಿನ ಅಂಚಿನ ಹಾಗೆ ನೇರವಾಗಿತ್ತು.

"ನೋಡಮ್ಮ, ಕಾಯಿಲೆ ಹೆಚ್ಚಾಗ್ತಿಲ್ಲ. ನಿಂತಿದೆ. ಬೆಳಿಗ್ಗೆ ಶಿಫ್ಟ್ ತಗೊಂಡ್ರೆ ಒಂದು ಗಂಟೆಗೆ ಮನೇಲಿರ್ತೀಯ. ಒಂದರಿಂದ ಐದೂವರೆ, ನಾಲ್ಕೂವರೆ ಗಂಟೆ ಅಜ್ಜಿ ಚೆನ್ನಾಗಿರ್ತಾರೆ. ಆಮೇಲೆ ಚೆನ್ನಾಗಿಲ್ಲದಾಗಲೂ ನೀನಿರ್ತೀಯ. ಎರಡೂ ಸಿಗುತ್ತೆ."

ಒಳಕೋಣೆಯಲ್ಲಿ ಅಜ್ಜಿ ಆಗಲೇ ಮಲಗಿದ್ದಳು. ಈಚೆಗೆ ಸೊಸೆ ಬರುವಷ್ಟರಲ್ಲಿ ಅವಳು ಉಂಡು, ಮಾತ್ರೆ ನುಂಗಿ ಮಲಗಿಬಿಟ್ಟಿರುತ್ತಿದ್ದಳು. ಸೊಸೆ ಗಂಡನತ್ತ ನೋಡಿದಳು.

"ನೀವೇನಂತೀರಿ?"

ದರ್ಜಿ ಅನ್ನಕ್ಕೆ ಬೇಳೆ ಕಲಸುತ್ತಿದ್ದ. ಆಗಲೇ ಕಲಸಿದ್ದನ್ನು ಮತ್ತೆ ಕಲಸಿದ.

"ಪುಸ್ತಕದಲ್ಲಿ ಇದೆಯಲ್ಲ," ಎಂದ.

ಮರುದಿನ ಬೆಳಿಗ್ಗೆ ಅಜ್ಜಿ ಯಾವುದಕ್ಕೆ ಗುರುತು ಹಾಕಿದೆ ಎಂದು ಕೇಳಿದಳು. ಇನ್ನೂ ಹಾಕಿಲ್ಲ, ಆದರೆ ಟೀಚರಮ್ಮ ಲೆಕ್ಕ ಮಾಡಿದ್ದಾಳೆ, ನಾಲ್ಕರದೇ ಒಳ್ಳೆಯದಂತೆ ಎಂದಳು ಸೊಸೆ. ಅಜ್ಜಿ ಜಡೆಯನ್ನು ಕೊಂಚ ಬಿಗಿಯಾಗಿಯೇ ಎಳೆದಳು.

"ತಲೆ ನನ್ನದು, ಲೆಕ್ಕ ಅವಳದ್ದು. ಆಗಲಿ ಬಿಡು."

ಗೋದಾಮಿನ ಮೂರನೇ ಬೆಲ್ಟಿನ ಪಕ್ಕ ನಿಂತು, ಇಪ್ಪತ್ತೆರಡು ಕಿಲೋದ ಒಂದು ಪೆಟ್ಟಿಗೆಯ ಮೇಲೆ ಫಾರ್ಮ್ ಇಟ್ಟುಕೊಂಡು, ಸೊಸೆ ಮೊದಲ ಚೌಕಕ್ಕೆ ಗುರುತು ಹಾಕಿದಳು.

ಮಾರ್ಚ್ ಮೂರರಿಂದ ಹೊಸ ಪಾಳಿ. ಅವಳೇ ಕನ್ನಡಿಯಿಲ್ಲದೆ ಜಡೆ ಹೆಣೆದುಕೊಳ್ಳುತ್ತಿದ್ದಳು. ಗೇಟಿನ ಹೆಂಗಸು ಮೊದಲ ದಿನವೇ ಎರಡು ಪಿನ್ನು ಹೆಚ್ಚು ಸಿಕ್ಕಿಸಿಕೊಂಡು ಬಾ ಎಂದು ನಿಲ್ಲಿಸಿದಳು. ಸ್ಕ್ಯಾನರ್ ಹಿಡಿದು ಗಂಟೆಗೆ ಮುನ್ನೂರು ಪಾರ್ಸೆಲ್. ಒಂದೊಂದಕ್ಕೂ ಅದೇ ಕೀಚು ಸದ್ದು. ಹನ್ನೆರಡಕ್ಕೆ ಬೆಲ್ಟು ನಿಂತರೆ, ಕೈಚೀಲ ತಪಾಸಣೆಯ ಸಾಲು, ಆಮೇಲೆ ಬಸ್ಸು. ಮೊದಲ ದಿನ ಒಂದು ಗಂಟೆಗೆ ಸರಿಯಾಗಿ ಬಾಗಿಲು ತಟ್ಟಿದಾಗ ಅಜ್ಜಿ ಊಟ ಮಾಡುತ್ತಿದ್ದಳು.

"ಇಷ್ಟು ಬೇಗ ಬಂದ್ಯಾ? ಕೆಲಸದಿಂದ ತೆಗೆದ್ರಾ?"

"ಇಲ್ಲ ಅತ್ತೆ, ಇನ್ಮೇಲೆ ದಿನಾ ಇಷ್ಟೊತ್ತಿಗೇ."

"ಸರಿ, ಬಂದು ಒಂದು ತುತ್ತು ತಿನ್ನು. ನಿನ್ನ ಗಂಡ ಉಪ್ಪು ಹಾಕೋದನ್ನ ಇನ್ನೂ ಕಲಿತಿಲ್ಲ."

ಸೊಸೆ ಉಂಡಳು, ನಕ್ಕಳು, ಒಂದರ್ಧ ಗಂಟೆ ಎಂದುಕೊಂಡು ಅಡ್ಡಾದಳು. ಎದ್ದಾಗ ಮೂರು ದಾಟಿತ್ತು. ಅಜ್ಜಿ ಹೊಟ್ಟೆ ತುಂಬಿ, ಮಾತ್ರೆಯ ಮಂಪರಿನಲ್ಲಿ ಮಲಗಿದ್ದಳು. ಬೆಳಿಗ್ಗೆ ಬೇಗ ಎದ್ದಿದ್ದಳು ಎಂದ ದರ್ಜಿ. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಮೂರಕ್ಕೆ ಎದ್ದು ಎಂಟು ತಾಸು ನಿಂತ ಮೈಗೆ ಚಾಪೆ ಕಂಡರೆ ಸಾಕಾಗಿತ್ತು. ಹೊಸ ಪಾಳಿ, ಎಲ್ಲರದೂ ಏರುಪೇರಾಗಿದೆ, ಹೊಂದಿಕೊಂಡರೆ ಸರಿಹೋಗುತ್ತದೆ ಎಂದು ಅವಳು ತನಗೇ ಹೇಳಿಕೊಂಡಳು.

ಹನ್ನೊಂದನೇ ತಾರೀಖು ಮಂಗಳವಾರ ಅವಳ ಬೆರಳಿಗೆ ರಟ್ಟಿನ ಅಂಚು ತಾಗಿ ಕೊಯ್ದಿತ್ತು. ನೋವಿಗೆ ನಿದ್ದೆ ಬರಲಿಲ್ಲ. ಒಳಕೋಣೆಯಲ್ಲಿ ಸ್ಟೂಲು ಎಳೆದ ಸದ್ದಾಯಿತು. ಎದ್ದು ಹೋಗಿ ಬಾಗಿಲಲ್ಲಿ ನಿಂತಳು.

ಅಜ್ಜಿ ಬಟ್ಟೆಚೀಲ ಎದೆಗವಚಿಕೊಂಡು ನಿಂತಿದ್ದಳು. ದರ್ಜಿ ಸ್ಟೂಲಿನ ಮೇಲೆ ನಿಂತು ಗಡಿಯಾರದ ಮುಳ್ಳು ತಿರುಗಿಸುತ್ತಿದ್ದ.

"ನೋಡಮ್ಮ, ಐದೂವರೆ ಆಯ್ತು. ಊಟದ ಹೊತ್ತು. ಉಂಡು ಮಾತ್ರೆ ತಗೊಂಡ್ಮೇಲೆ ಮನೆಗೆ ಹೋಗೋಣ."

ಅಜ್ಜಿ ಗಡಿಯಾರವನ್ನು ಓದಿ, ಒಪ್ಪಿ, ಮಂಚದ ಮೇಲೆ ಕೂತಳು. ದರ್ಜಿ ಕೆಳಗಿಳಿದು ಪೆನ್ಸಿಲ್ ಹಿಡಿದು ಪುಸ್ತಕದಲ್ಲಿ ಐದೂವರೆ ಎಂದು ಬರೆದ. ಸೊಸೆಯ ಕೈಯಲ್ಲಿದ್ದ ಮೊಬೈಲಿನಲ್ಲಿ ಎರಡು ಗಂಟೆ ಇಪ್ಪತ್ನಾಲ್ಕು ನಿಮಿಷ.

ಅವಳು ತಟ್ಟೆ ತಂದಳು, ಅಜ್ಜಿಗೆ ತುತ್ತು ಕೊಟ್ಟಳು. "ನೀವು ಯಾರ ಮನೆಯವರು? ಕೈ ಕೊಯ್ದಿದೆಯಲ್ಲಮ್ಮ" ಎಂದು ಅಜ್ಜಿ ವಿಚಾರಿಸಿದ್ದಕ್ಕೆ ಇದೇ ಬೀದಿಯವಳು ಎಂದಳು. ಅಜ್ಜಿ ಮಲಗಿದ ಮೇಲೆ ಅಡುಗೆಮನೆಗೆ ಬಂದು, ನಲ್ಲಿ ತಿರುಗಿಸಿ ತಟ್ಟೆ ತೊಳೆಯುತ್ತ, ಗಂಡನಿಗೆ ಬೆನ್ನು ಹಾಕಿಯೇ ಕೇಳಿದಳು.

"ಎಷ್ಟು ದಿನದಿಂದ?"

ದರ್ಜಿ ಬಾಗಿಲಿಗೆ ಒರಗಿದ. ಜನವರಿ ಮಧ್ಯದಿಂದ ಎಂದ. ನಾಲ್ಕೂವರೆಗೆ ಶುರುವಾದ ದಿನ ಊಟ ಕೊಡಲು ಹೋದರೆ, ನಾಲ್ಕೂವರೆಗೆ ರಾತ್ರಿ ಊಟ ಮಾಡಲು ನನಗೇನು ಹುಚ್ಚೇ ಎಂದು ತಟ್ಟೆ ತಳ್ಳಿದಳಂತೆ. ಊಟವಿಲ್ಲದೆ ಮಾತ್ರೆ ಕೊಡುವಂತಿಲ್ಲ. ಮಾತ್ರೆ ಇಲ್ಲದೆ ಎರಡು ತಾಸು ಬಾಗಿಲು ಬಡಿದಳಂತೆ; ಆ ಗಲಾಟೆಯಲ್ಲಿ ಅವತ್ತಿನ ಹೊತ್ತು ಬರೆಯುವುದೂ ತಪ್ಪಿತಂತೆ. ಮಾರನೇ ದಿನ ಅವನಿಗೆ ಗಡಿಯಾರದ ಉಪಾಯ ಹೊಳೆಯಿತು. ಅವಳು ಮಲಗಿದ ಮೇಲೆ ಮೊಬೈಲ್ ನೋಡಿ ಮತ್ತೆ ಸರಿಮಾಡಿಡುತ್ತಿದ್ದ.

"ಬರೆಯೋವಾಗ?"

"ಆ ಗಡಿಯಾರ ನೋಡೇ ಬರಿ ಅಂದಿದ್ಲು. ನೋಡಿ ಬರೆದೆ. ಮೊದಮೊದಲು ನನಗೆ ಹೊಳೀಲೇ ಇಲ್ಲ, ನಿಜ ಹೇಳ್ತೀನಿ."

"ಆಮೇಲೆ?"

ನಲ್ಲಿಯ ನೀರು ಹರಿಯುತ್ತಲೇ ಇತ್ತು.

"ಆವತ್ತು ಆ ಹಾಳೆ ತಂದು ಹರಡಿದ್ಲಲ್ಲ, ಆಗ ಹೊಳೀತು."

"ಹೊಳೆದೂ ಸುಮ್ಮನಿದ್ರಿ."

"ನೀನು ಮಧ್ಯಾಹ್ನ ಮನೆಗೆ ಬಂದ್ರೆ ಸಾಕಾಗಿತ್ತು ನನಗೆ." ಅವನ ದನಿ ಏರಲಿಲ್ಲ. "ವಾರಕ್ಕೆ ಎರಡು ಪ್ಯಾಂಟು ಹೊಲೀತಿದೀನಿ. ಎರಡು. ಹೆತ್ತ ತಾಯಿ ನನ್ನ ನೋಡಿ, ಅಂಗಡಿಯವರೇ ಬಾಗಿಲು ತೆಗೀರಿ ಅಂತ ಕೈ ಮುಗೀತಾಳೆ. ದಿನಾ. ನೀನು ಏಳಕ್ಕೆ ಬಂದು, ಮಲಗಿದವಳ ಹೊದಿಕೆ ಸರಿಮಾಡಿ, ಪಾಪ ನಿದ್ದೆ ಬಂದಿದೆ ಅಂತಿದ್ದೆ."

ಸೊಸೆ ನಲ್ಲಿ ನಿಲ್ಲಿಸಿದಳು. ತಿರುಗಿದಳು.

"ಹೇಳಿದ್ರೆ ನಾನು ಏನಾದ್ರೂ ಮಾಡ್ತಿರ್ಲಿಲ್ವಾ? ಕೆಲಸ ಬಿಡ್ತಿದ್ನೋ, ಯಾರನ್ನಾದ್ರೂ ಇಡ್ತಿದ್ನೋ. ಬೆಳಿಗ್ಗೆ ನಾನಿರ್ತೀನಿ ಅಂದ್ರು ಅತ್ತೆ. ನನ್ನ ಕೂದಲು ಹಿಡ್ಕೊಂಡು ಹೇಳಿದ್ರು. ಈ ಮನೇಲಿ ನಿಜ ಹೇಳಿದ್ದು ಅವರೊಬ್ರೇ. ಅವರಿಗೆ ತಲೆ ಸರಿಯಿಲ್ಲ ಅಂತ ನಾವು ಪುಸ್ತಕ ನಂಬಿದ್ವಿ."

ದರ್ಜಿ ಹೋಗಿ ಮೆಷಿನ್ನಿನ ಮುಂದೆ ಕೂತ. ಕಾಲು ಹಲಗೆಯ ಮೇಲಿತ್ತು, ಚಕ್ರ ತಿರುಗಲಿಲ್ಲ.

ಆರಕ್ಕೆ ಬಂದ ಮಗಳಿಗೆ ವಿಷಯ ಹೇಳಿದವನೂ ಅವನೇ. ಹುಡುಗಿ ಅಳಲಿಲ್ಲ, ರೇಗಲಿಲ್ಲ. ಪುಸ್ತಕ ಬಿಚ್ಚಿಕೊಂಡು ಹಿಂದಿನ ಹಾಳೆ ತೆಗೆದಳು. ಗೆರೆ ಎಳೆದಿದ್ದ ಭಾನುವಾರದ ಅಂಕಿಗಳು: ಐದೂ ಹತ್ತು, ನಾಲ್ಕೂ ಐವತ್ತು, ನಾಲ್ಕೂ ಇಪ್ಪತ್ತೈದು, ನಾಲ್ಕೂ ಐದು, ಮೂರೂ ನಲವತ್ತು. ಆಮೇಲೆ ಇನ್ನೂ ಮೂರು. ಮೊನ್ನೆಯದು ಎರಡೂ ಇಪ್ಪತ್ತೈದು. ಒಂಬತ್ತು ಚುಕ್ಕೆ ಇಟ್ಟು ಸೇರಿಸಿದಳು. ಗೆರೆ ಮೆಟ್ಟಿಲಿನ ಪಕ್ಕದ ಕಂಬಿಯ ಹಾಗೆ ಓರೆಯಾಗಿ ಕೆಳಗಿಳಿದಿತ್ತು. ವಾರಕ್ಕೆ ಇಪ್ಪತ್ತು ನಿಮಿಷ.

"ಸರಿಯಾಗಿದ್ದಿದ್ದು ಇದೊಂದೇ," ಎಂದಳು. "ಇದನ್ನೇ ನಾನು ಹೊಡೆದುಹಾಕಿದ್ದೆ. ಒಂದೇ ಗಡಿಯಾರ ಅಂದಿದ್ದೂ ನಾನೇ."

ಸೊಸೆ ಅವಳ ಮುಂದೆ ತಟ್ಟೆ ಇಟ್ಟಳು. ಉಣ್ಣು, ನಾಳೆ ಪರೀಕ್ಷೆ ಇದೆ ಎಂದಳು. ಆ ರಾತ್ರಿ ಮೂವರೂ ಒಂದೇ ಮೇಜಿಗೆ ಕೂತು, ಉಪ್ಪು ಕೊಡು ಎಂಬ ಮಾತು ಬಿಟ್ಟು ಬೇರೆ ಮಾತಿಲ್ಲದೆ ಉಂಡೆದ್ದರು.

ಮರುದಿನ ಸೊಸೆ ಸೂಪರ್‌ವೈಸರ್ ಬಳಿ ಹೋದಳು. ಅವನು ಕೆಟ್ಟವನಲ್ಲ, ಅವನ ಕಣ್ಣಿಗೂ ನಿದ್ದೆಯಿರಲಿಲ್ಲ. ಆಗಸ್ಟ್ ಕೊನೆಯವರೆಗೆ ತನ್ನ ಕೈಯಲ್ಲಿ ಏನೂ ಇಲ್ಲ, ಸಂಜೆಯವರು ಯಾರಾದರೂ ಅದಲುಬದಲಿಗೆ ಒಪ್ಪಿದರೆ ಆಗಬಹುದು, ಬೋರ್ಡಿನಲ್ಲಿ ಚೀಟಿ ಹಾಕು ಎಂದ. ಅವಳು ಚೀಟಿ ಹಾಕಿದಳು. ನಾಲ್ಕಕ್ಕೆ ಬರಲು ಯಾರು ಒಪ್ಪುತ್ತಾರೆ? ಮೂರು ವಾರದ ನಂತರ ಯಾರೋ ಅದೇ ಚೀಟಿಯನ್ನು ತಿರುಗಿಸಿ, ನೀಲಿ ನೀರಿನ ಬಾಟಲಿ ಕಳೆದಿದೆ, ಸಿಕ್ಕವರು ಕೊಡಿ ಎಂದು ಬರೆದು ಸಿಕ್ಕಿಸಿದ್ದರು. ಕೆಲಸ ಬಿಡುವ ಮಾತೂ ಮನೆಯಲ್ಲಿ ಬಂತು. ವಾರಕ್ಕೆ ಎರಡು ಪ್ಯಾಂಟಿನಲ್ಲಿ ನಾಲ್ಕು ಜನ ಬದುಕುವುದಾದರೆ ಬಿಡು ಎಂದು ದರ್ಜಿಯೇ ಹೇಳಿ, ಹೇಳಿದ್ದಕ್ಕೆ ತಾನೇ ತಲೆ ತಗ್ಗಿಸಿದ.

ನಿಜವಾದ ಅಂಕಿ ನೋಡಿ ಡಾಕ್ಟರು ಮಾತ್ರೆ ಬದಲಿಸಿದರು. ವಾರಕ್ಕೆ ಇಪ್ಪತ್ತು ನಿಮಿಷ ಇದ್ದದ್ದು ಹತ್ತಕ್ಕಿಳಿಯಿತು, ನಿಲ್ಲಲಿಲ್ಲ. ಈಗ ದರ್ಜಿ ಮೊಬೈಲ್ ನೋಡಿ ಬರೆಯುತ್ತಿದ್ದ. ಬೆಳಗಿನ ಅಮ್ಮ ಪೂರ್ತಿ ಅವನ ಪಾಲಿಗೆ ಬಂದಿದ್ದಳು. ಅವಳು ಆಡಿದ್ದನ್ನೆಲ್ಲ ಮಧ್ಯಾಹ್ನ ಹೆಂಡತಿಗೆ ವರದಿ ಒಪ್ಪಿಸುತ್ತಿದ್ದ: ಇವತ್ತು ಹಾಲಿನವನಿಗೆ ಬೈದಳು, ಇವತ್ತು ನಿನ್ನ ನೀಲಿ ಸೀರೆ ಎಲ್ಲಿ ಎಂದಳು, ಇವತ್ತು ಟೀಚರಮ್ಮನಿಗೆ ಪಾಸಾದರೆ ಏನು ಕೊಡಿಸಬೇಕು ಎಂದಳು. ಒಂದು ದಿನ ಸೊಸೆ ಕೈ ಎತ್ತಿ ತಡೆದಳು.

"ಸಾಕು ನಿಲ್ಲಿಸ್ರೀ. ನನ್ನ ಪಾಲಿನ ಊಟ ನೀವು ಉಂಡು, ರುಚಿ ನನಗೆ ಹೇಳಿದ ಹಾಗಾಗುತ್ತೆ."

ಮರುದಿನದಿಂದ ಅವನು ಹನ್ನೆರಡೂವರೆಗೆಲ್ಲ ಅಮ್ಮನಿಗೆ ಉಣ್ಣಿಸಿ, ಮುಖ ತೊಳೆಸಿ, ಬಾಗಿಲ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂರಿಸಲು ಶುರುಮಾಡಿದ. ಅತ್ತ ಗೋದಾಮಿನಲ್ಲಿ, ಕೈಚೀಲ ತಪಾಸಣೆಯ ಸಾಲಿನಲ್ಲಿ, ಅವಳ ಬೆಲ್ಟಿನ ಹೆಂಗಸರು ಅವಳನ್ನು ಎಲ್ಲರಿಗಿಂತ ಮುಂದೆ ಬಿಡತೊಡಗಿದರು. ಯಾಕೆಂದು ಯಾರೂ ಕೇಳಲಿಲ್ಲ. ಬೋರ್ಡಿನ ಚೀಟಿ ಓದಿದ್ದರು. ಅದರಿಂದ ಒಂಬತ್ತು ನಿಮಿಷ ಉಳಿಯಿತು.

ಮೇ ಎಂಟು, ಗುರುವಾರ. ಬಸ್ಸಿಳಿದವಳು ಬೀದಿಯುದ್ದಕ್ಕೂ ಓಡುತ್ತಲೇ ಬಂದಳು. ಬಾಗಿಲು ತೆರೆದೇ ಇತ್ತು. ಅಜ್ಜಿ ಕುರ್ಚಿಯಲ್ಲಿದ್ದಳು, ಅವಳ ಮಡಿಲಲ್ಲಿ ಬಾಚಣಿಗೆ. ದರ್ಜಿ ಮೆಷಿನ್ನಿನ ಹಿಂದೆ ಬಗ್ಗಿ ಏನೋ ಹುಡುಕುವವನಂತೆ ಕೂತಿದ್ದ.

"ಏನೇ ಇದು, ತಲೆ ಕಾಗೆಗೂಡು ಮಾಡ್ಕೊಂಡಿದೀಯ? ಬಾ, ಕೂತ್ಕೋ."

ಸೊಸೆ ಚಪ್ಪಲಿ ಬಿಟ್ಟು ನೆಲದ ಮೇಲೆ ಕೂತಳು. ಅಜ್ಜಿ ಪಿನ್ನುಗಳನ್ನು ಕಿತ್ತು ಬಾಯಲ್ಲಿಟ್ಟುಕೊಂಡಳು, ಕೂದಲು ಬಿಚ್ಚಿ ಬಾಚಿದಳು. ಸಿಕ್ಕು ಬಂದಲ್ಲಿ ಬುಡ ಹಿಡಿದುಕೊಂಡು ನೋವಾಗದಂತೆ ಬಿಡಿಸಿದಳು. ಕೂದಲನ್ನು ಮೂರು ಪಾಲು ಮಾಡಿ ಹೆಣೆಯತೊಡಗಿ, ಪಿನ್ನುಗಳ ನಡುವಿನಿಂದಲೇ, ಉದುರುತ್ತಿದೆ, ಹೊಟ್ಟೆಗೆ ಸರಿಯಾಗಿ ತಿನ್ನುವುದಿಲ್ಲ ನೀನು ಎಂದು ಬೈದಳು. ಆಮೇಲೆ ಏನೋ ನೆನಪಾದವಳಂತೆ ಪಿನ್ನುಗಳನ್ನು ಅಂಗೈಗೆ ಉಗುಳಿದಳು.

"ಕೊನೆಗೆ ಯಾವ ಶಿಫ್ಟ್ ಹಾಕ್ದೆ?"

ಮೆಷಿನ್ನಿನ ಹಿಂದೆ ದರ್ಜಿಯ ಕೈ ನಿಂತಿತು.

"ಸಂಜೆಯದು ಅತ್ತೆ," ಎಂದಳು ಸೊಸೆ.

"ಒಳ್ಳೇದು ಮಾಡ್ದೆ. ಬೆಳಿಗ್ಗೆ ನಾನಿರ್ತೀನಿ."

ಮತ್ತೆ ನಾಲ್ಕೈದು ಹೆಣಿಗೆ. ಬೆರಳುಗಳು ನಿಧಾನವಾದವು. ಒಂದು ಎಳೆ ಕೈಯಿಂದ ಜಾರಿತು. ಅಜ್ಜಿ ಅದನ್ನು ಹುಡುಕಲಿಲ್ಲ. ಸೊಸೆ ತಿರುಗಿ ನೋಡದೆ, ಬೆನ್ನು ನೆಟ್ಟಗೆ ಮಾಡಿಕೊಂಡು, ಹಾಗೇ ಕೂತಿದ್ದಳು. ಅರ್ಧ ಹೆಣೆದ ಜಡೆ ಕುತ್ತಿಗೆಯ ಮೇಲೆ ತಾನಾಗಿ ಬಿಚ್ಚಿಕೊಳ್ಳತೊಡಗಿತು.

"ಹೊತ್ತಾಯ್ತಲ್ಲಮ್ಮ," ಎಂದಳು ಅಜ್ಜಿ, ಬಹಳ ಮರ್ಯಾದೆಯಿಂದ. "ನಾನು ಮನೆಗೆ ಹೋಗ್ಬೇಕು."

ದರ್ಜಿ ಎದ್ದು ಒಳಗೆ ಹೋದ. ಗಡಿಯಾರವನ್ನು ಮುಟ್ಟಲಿಲ್ಲ. ಮೊಬೈಲ್ ನೋಡಿ ಪುಸ್ತಕದಲ್ಲಿ ಒಂದು ಗಂಟೆ ಎರಡು ನಿಮಿಷ ಎಂದು ಬರೆದ. ಅದರ ಪಕ್ಕದಲ್ಲಿ ಮಗಳು ಹೊಸದಾಗಿ ಇನ್ನೊಂದು ಕಾಲಂ ಗೆರೆ ಎಳೆದಿದ್ದಳು, ಅಮ್ಮ ಮನೆಗೆ ಬಂದ ಹೊತ್ತು: ಹನ್ನೆರಡು ಐವತ್ತೊಂದು. ಸಂಜೆ ಅವಳು ಬಂದು ಮೂರನೆಯ ಕಾಲಂ ತುಂಬುತ್ತಿದ್ದಳು. ಆ ದಿನ ಅವಳಿಗೆ ಬಿಡದೆ ದರ್ಜಿಯೇ ಒಂದರಿಂದ ಇನ್ನೊಂದನ್ನು ಕಳೆದು ಬರೆದ.

ಹನ್ನೊಂದು ನಿಮಿಷ.